ಲಿವರ್ ಸಿಕ್ಕಿದೆ, ಹೊರಡಿ

ಬೆಳಿಗ್ಗೆ ಹತ್ತಕ್ಕೆ ಟೈಲರ್‌ನ ಫೋನು ಬಡಿದುಕೊಂಡಿತು. "ನಿಮಗೆ ಹೊಂದೋ ಲಿವರ್ ಸಿಗೋ ಹಾಗಿದೆ. ಏನೂ ತಿನ್ನದೆ ಹನ್ನೆರಡರೊಳಗೆ ಬನ್ನಿ" ಎಂದಳು ಆಸ್ಪತ್ರೆಯ ನರ್ಸ್. ಆಕೆ ಇನ್ನೂ ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಫೋನು ಕಿತ್ತುಕೊಂಡು, "ಬರ್ತಾರೆ, ಬರ್ತಾರೆ" ಎಂದು ಕಟ್ ಮಾಡಿಬಿಟ್ಟರು.

ಎಂಟು ತಿಂಗಳಿಂದ ಕಾದವನು ಟೈಲರ್. ಕಣ್ಣು ಹಳದಿ, ಹೊಟ್ಟೆ ನೀರು ತುಂಬಿದ ಬಿಂದಿಗೆ, ಕೈಕಾಲು ಕಡ್ಡಿ. ಲಿವರ್ ಬದಲಾಯಿಸದಿದ್ದರೆ ವರ್ಷ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ ದಿನವೇ ಈ ಆಸಾಮಿ ಮುಂದಿನ ವರ್ಷದ ಮದುವೆಯೊಂದಕ್ಕೆ ಹದಿನಾರು ಕೋಟು ಹೊಲಿಯಲು ಒಪ್ಪಿಕೊಂಡಿದ್ದ.

"ಯಾರ‍್ರೀ ಹೊಲಿಯೋರು?" ಎಂದು ಹೆಂಡತಿ ಗದರಿದ್ದಳು.

"ಡಾಕ್ಟ್ರು ನನ್ನ ಹೊಲೀಲಿ, ನಾನು ಕೋಟು ಹೊಲೀತೀನಿ."

ಮೇಷ್ಟ್ರು ಬೀದಿಗೆಲ್ಲ ಡಂಗುರ ಸಾರಿದರು. ಎದುರು ಮನೆಯವನು ಶಾಲೆಯ ಮಕ್ಕಳನ್ನು ಒಯ್ಯುವ ತನ್ನ ಪುಟ್ಟ ವ್ಯಾನ್ ತಂದ. ಮೂಲೆ ಅಂಗಡಿಯ ಕ್ಷೌರಿಕ, "ಆಪರೇಷನ್‌ಗೆ ಈ ಗಡ್ಡದಲ್ಲಿ ಹೋಗ್ತಾರಾ?" ಎಂದು ಕತ್ತಿ ಹಿಡಿದು ಓಡಿಬಂದ. ಅರ್ಧ ಮುಖ ಬೋಳಿಸುವಷ್ಟರಲ್ಲಿ ಹಾರ್ನ್ ಕೇಳಿತು. ಟೈಲರ್ ಇನ್ನೊಂದು ಕೆನ್ನೆಯ ನೊರೆಯೊಂದಿಗೇ ವ್ಯಾನ್ ಹತ್ತಿದ. ಹಿಂದೆಯೇ ಹೆಂಡತಿ, ಮೇಷ್ಟ್ರು, ಕ್ಷೌರಿಕ ಎಲ್ಲರೂ ಹತ್ತಿದರು.

"ಅಡ್ಡದಾರಿ ನನಗೆ ಗೊತ್ತು" ಎಂದರು ಮೇಷ್ಟ್ರು. ಅಡ್ಡದಾರಿ ಒಂದು ಗೋದಾಮಿನ ಗೋಡೆಗೆ ಹೋಗಿ ಮುಗಿಯಿತು. ಅಲ್ಲಿಂದ ತಿರುಗಿ ಮುಖ್ಯರಸ್ತೆಗೆ ಬರುವಾಗ ಹನ್ನೊಂದೂಕಾಲು.

ಅಲ್ಲಿ ಕೆಟ್ಟು ನಿಂತ ಕಾರಿನ ಪಕ್ಕ ಸ್ವೆಟರ್ ತೊಟ್ಟ ಒಬ್ಬಾತ ಕೈ ಅಡ್ಡ ಹಾಕುತ್ತಿದ್ದ. ಜೊತೆಗಿದ್ದ ಹೆಂಗಸು ಅಳುತ್ತಾ, "ಆಸ್ಪತ್ರೆಗೆ, ಬೇಗ" ಎಂದು ಕೂಗಿದಳು.

"ನಿಲ್ಲಿಸಬೇಡ ಕಣೋ. ನಮ್ಮದೇ ನಮಗೆ ಹಾಸಿ ಹೊದೆಯೋ ಅಷ್ಟಿದೆ" ಎಂದರು ಮೇಷ್ಟ್ರು.

"ನಿಲ್ಲಿಸಪ್ಪ" ಎಂದ ಟೈಲರ್. "ಎಂಟು ತಿಂಗಳಿಂದ ಬೇರೆಯವರು ಕೊಡಲಿ ಅಂತ ಕಾದಿದ್ದೀನಿ. ಎರಡು ಸೀಟು ನಾನು ಕೊಡಬಾರ್ದಾ?"

ಸೀಟು ಸಾಲಲಿಲ್ಲ. ಟೈಲರ್ ಮೇಷ್ಟ್ರನ್ನೂ ಕ್ಷೌರಿಕನನ್ನೂ ಇಳಿಸಿದ. ಅಡ್ಡದಾರಿ ಗೊತ್ತಿದ್ದವರು ಇಳಿದ ಮೇಲೆ ವ್ಯಾನ್ ನೆಟ್ಟಗೆ ಓಡಿತು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅವರು ಆಸ್ಪತ್ರೆ ತಲುಪಿದರು.

ನರ್ಸ್ ಓಡಿಬಂದು ಕೈ ಹಿಡಿದುಕೊಂಡದ್ದು ಸ್ವೆಟರಿನವನದು. "ಸದ್ಯ, ಬಂದ್ರಲ್ಲ. ಇನ್ನೈದು ನಿಮಿಷ ಆಗಿದ್ರೆ ನಿಮ್ಮ ಲಿವರ್ ಇವರ ಪಾಲಾಗ್ತಿತ್ತು" ಎಂದು ಟೈಲರ್ ಕಡೆ ಕೈ ತೋರಿಸಿದಳು. ಪಟ್ಟಿಯಲ್ಲಿ ಮೊದಲಿದ್ದವನು ಬರದಿದ್ದರೆ ಇರಲಿ ಎಂದು ಎರಡನೆಯವನನ್ನೂ ಕರೆಸುವುದು ಅಲ್ಲಿನ ಪದ್ಧತಿ. "ಅದನ್ನ ಹೇಳೋಕೆ ಮುಂಚೆ ಫೋನು ಕಟ್ ಆಯ್ತು."

ಟೈಲರ್‌ಗೆ ಅಳು ಬಂತು, ಸಿಟ್ಟೂ ಬಂತು. ಸ್ವೆಟರಿನವನು ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

"ಹೋಗಿ ಸ್ವಾಮಿ, ಒಳಗೆ ಹೋಗಿ" ಎಂದ ಟೈಲರ್. "ಚೆನ್ನಾಗಿ ಬದುಕಿ. ಇಲ್ಲಾಂದ್ರೆ ನಾನು ಸುಮ್ಮನಿರಲ್ಲ." ಆಮೇಲೆ ನರ್ಸ್ ಕಡೆ ತಿರುಗಿ, "ಈಗ ಪಟ್ಟೀಲಿ ಮೊದಲು ಯಾರಮ್ಮ?"

"ನೀವೇ."

"ಹಾಗಾದ್ರೆ ಸರಿ."

ವಾಪಸ್ಸು ವ್ಯಾನ್ ಹತ್ತುವಾಗ ಹೆಂಡತಿ ಕಣ್ಣೊರೆಸಿಕೊಂಡು ಕಡ್ಡಿ ಮುರಿದಂತೆ ಹೇಳಿದಳು: "ಮುಂದಿನ ಸಲ ದಾರೀಲಿ ಯಾರು ಕೈ ಅಡ್ಡ ಹಾಕಿದ್ರೂ ನಿಲ್ಲಿಸಕೂಡದು."

"ನಿಲ್ಲಿಸ್ತೀನಿ ಕಣೇ" ಎಂದ ಟೈಲರ್. "ಆದ್ರೆ ಹತ್ತಿಸೋಕೆ ಮುಂಚೆ ರಕ್ತದ ಗುಂಪು ಕೇಳ್ತೀನಿ."