ಆರನೆಯ ಹೋಳಿಗೆ

ಮಗಳಿಗೆ ಆರೋಗ್ಯದ ಪಾಠ ಹೇಳಲು ನನಗಿಂತ ಯೋಗ್ಯ ಮನುಷ್ಯ ದಾಂಡೇಲಿಯಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ನಂಬಿದ್ದೆ. ಯಾಕೆಂದರೆ ಹೆದರುವುದರಲ್ಲಿ ನನ್ನನ್ನು ಮೀರಿಸುವವರು ಈ ಊರಲ್ಲಿಲ್ಲ. ಕಾಲು ಜುಮ್ಮೆಂದರೆ ನರ ಹೋಯಿತು, ಎದೆ ಉರಿದರೆ ಹೃದಯ ಹೋಯಿತು ಎಂದುಕೊಳ್ಳುವವನು ನಾನು. ಇದಕ್ಕೆ ಕಾರಣವೂ ಉಂಟು. ನಮ್ಮಪ್ಪ ಸಕ್ಕರೆ ಕಾಯಿಲೆಗೆ ಮೊದಲು ಒಂದು ಬೆರಳು, ಆಮೇಲೆ ಪಾದ, ಕೊನೆಗೆ ಉಳಿದದ್ದೆಲ್ಲವನ್ನೂ ಒಪ್ಪಿಸಿ ಹೋದ. ನನಗೀಗ ನಲವತ್ತೊಂಬತ್ತು. ರಕ್ತ ಪರೀಕ್ಷೆ ಮಾಡಿಸಿದೆ. ಡಾಕ್ಟರು ಚೀಟಿ ನೋಡಿ, "ಬಂದೈತ್ರಿ" ಎಂದರು. ಊರಿಂದ ಯಾರೋ ನೆಂಟರು ಬಂದ ಹಾಗೆ!

ಹೆಂಡತಿ ಗಿರಿಜಾಳಿಗೆ ಹೇಳಲಿಲ್ಲ. ಅವಳನ್ನು ಗಾಬರಿಪಡಿಸಬಾರದೆಂಬ ಉದಾತ್ತ ಉದ್ದೇಶ. ಹೇಳಿದರೆ ಸಂಜೆಯ ಮಿರ್ಚಿ ಭಜಿ ನಿಲ್ಲುತ್ತದೆ ಎಂಬ ಅಷ್ಟೇನೂ ಉದಾತ್ತವಲ್ಲದ ಉದ್ದೇಶವೂ ಇತ್ತು. ಆದರೆ ದವಾಖಾನೆಗೆ ಐದನೆಯ ತರಗತಿಯ ಮಗಳು ಸೃಷ್ಟಿ ಜೊತೆಗೆ ಬಂದಿದ್ದಳು. "ಮಮ್ಮಿಗೆ ಹೇಳಬ್ಯಾಡ" ಎಂದು ಅವಳಿಂದ ಮಾತು ತೆಗೆದುಕೊಂಡೆ. ಅದಕ್ಕಾಗಿ ಅವಳಿಗೊಂದು ಐಸ್‌ಕ್ರೀಮ್ ಕೊಡಿಸಬೇಕಾಯಿತು. ಆರೋಗ್ಯ ಶಿಕ್ಷಣ ಹೀಗೆ ಶುರುವಾಯಿತು.

ನನಗೆ ಬಂದದ್ದು ಅವಳಿಗೆ ಬರಬಾರದು. ಮರುದಿನದಿಂದಲೇ ಬೆಳಿಗ್ಗೆ ಆರಕ್ಕೆ ಮೌಳಂಗಿ ರಸ್ತೆಯಲ್ಲಿ ನಡಿಗೆ. ಅವಳು ಜಿಂಕೆಯ ಹಾಗೆ ಮುಂದೆ. ನಾನು ಕಟ್ಟಿಗೆ ತುಂಬಿದ ಲಾರಿಯ ಹಾಗೆ ಹಿಂದೆ. ದಾರಿಯುದ್ದಕ್ಕೂ ಬೋಧನೆ. ಎಣ್ಣೆ ಶತ್ರು, ಸಕ್ಕರೆ ಮಹಾಶತ್ರು, ಎಲ್ಲಕ್ಕಿಂತ ದೊಡ್ಡ ಶತ್ರು ಊಟದ ಪಂಕ್ತಿಯಲ್ಲಿ ಒತ್ತಾಯ ಮಾಡುವವರು.

"ಒತ್ತಾಯ ಮಾಡಿದ್ರ ಏನ್ ಅಂತೀ?"

"ಬ್ಯಾಡ ಅಂತೀನಿ, ಪಪ್ಪಾ."

"ಇನ್ನೂ ಮಾಡಿದ್ರ?"

"ಎಲಿ ಮ್ಯಾಲ ಎರಡೂ ಕೈ ಇಡ್ತೀನಿ."

"ಶಾಬಾಸ್!" ಎಂದೆ. ಆಗ ನಾನು ಚಹಾದಂಗಡಿಯ ಬೆಂಚಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದೆ.

ಹೀಗಿರುವಾಗ ಹಳಿಯಾಳದಿಂದ ಗಿರಿಜಾಳ ಅಣ್ಣ ಈರಣ್ಣನ ಫೋನು ಬಂತು. ಮೂರು ವರ್ಷದ ಮೇಲೆ! ತನ್ನ ಮಗನ ಮದುವೆಯಲ್ಲಿ ಫೋಟೋ ತೆಗೆಸುವಾಗ ಎಲ್ಲರನ್ನೂ ಕರೆದು ತಂಗಿಯನ್ನು ಮರೆತಿದ್ದ. ಅಷ್ಟೇ. ಇವಳು ಮಾತು ಬಿಟ್ಟಳು, ಅವನೂ ಬಿಟ್ಟ. ನಾಗರ ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಟರೆ ಇವಳು ಹಿತ್ತಲಲ್ಲಿ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಅಡುಗೆಗೆ ಬೇಕಿಲ್ಲದಿದ್ದರೂ.

"ಹೊಸ ಮನಿ ಕಟ್ಟೇನವಾ. ವಾಸ್ತುಶಾಂತಿಗೆ ಬಾ. ಬಂದು ಒಂದ್ ಹೋಳಿಗಿ ತಿಂದು ಹೋಗು" ಎಂದನಂತೆ. ನಮ್ಮ ಕಡೆ ಮುನಿಸಿಕೊಂಡವರು ಮನೆಗೆ ಬಂದರೆ ಸಾಲದು; ಯಜಮಾನ ತನ್ನ ಕೈಯಾರೆ ಬಡಿಸಿದ ಸಿಹಿ ತಿನ್ನಬೇಕು. ಆಗ ಮುನಿಸು ಮುಗಿದ ಹಾಗೆ. ಬಿಟ್ಟು ಎದ್ದರೆ ಸಂಬಂಧವೇ ಮುಗಿದ ಹಾಗೆ.

ಬಸ್ಸಿನಲ್ಲಿ ಗಿರಿಜಾ ನನ್ನ ಕೈ ಹಿಡಿದುಕೊಂಡು, "ಅಲ್ಲಿ ರೋಗ-ರುಜಿನದ ಮಾತ ತೆಗೀಬ್ಯಾಡ್ರಿ. ನನಗಿರೂದು ಇದೊಂದ ತವರು" ಎಂದಳು.

"ಬಾಯಿ ಹೊಲ್ಕೊಂಡು ಕೂಡ್ತೀನಿ" ಎಂದೆ. ಮಗಳ ಬಾಯಿಯೂ ಒಂದಿದೆ ಎಂಬುದು ಹೊಳೆಯಲಿಲ್ಲ!

ಪಂಕ್ತಿಯಲ್ಲಿ ಸೃಷ್ಟಿ, ನಾನು, ಗಿರಿಜಾ ಸಾಲಾಗಿ ಕೂತೆವು. ಈರಣ್ಣ ಹೋಳಿಗೆಯ ಬುಟ್ಟಿ ಹಿಡಿದು ಬಂದ. ಮುಖದಲ್ಲಿ ಮೂರು ವರ್ಷದ ಅಕ್ಕರೆ. ಮೊದಲು ಸೋದರಸೊಸೆ ಸೃಷ್ಟಿಯ ಎಲೆ.

"ಬ್ಯಾಡ, ಮಾಮಾ."

"ಒಂದ್ ತಿನ್ನವಾ, ಬಂಗಾರದಂಥಾಕಿ."

ಎಲೆಯ ಮೇಲೆ ಎರಡು ಪುಟ್ಟ ಕೈಗಳು ಬಿದ್ದವು. "ಮಂದಿ ಮನ್ಯಾಗ ಎಷ್ಟ ಒತ್ತಾಯ ಮಾಡಿದ್ರೂ ತಿನ್ನಬಾರದಂತ ಪಪ್ಪಾ ಕಲಿಸ್ಯಾರ."

ಈರಣ್ಣ ತಂಗಿಯತ್ತ ತಿರುಗಿದ. "ನಮ್ಮದು ಮಂದಿ ಮನಿ ಆತೇನ ಗಿರಿಜಾ? ಕೂಸಿಗೆ ಪಾಠ ಮಾಡಿಸ್ಕೊಂಡು ಬಂದೀರಿ?"

ಗಿರಿಜಾಳ ತವರು ನನ್ನ ಕಣ್ಣೆದುರೇ ಜಾರಿಹೋಗುತ್ತಿತ್ತು. ಇಂಥ ಸಂದರ್ಭದಲ್ಲಿ ಬುದ್ಧಿವಂತರು ಸುಮ್ಮನಿರುತ್ತಾರೆ. ನಾನು ಕೈ ಎತ್ತಿ ಕೂಗಿದೆ: "ಆಕಿ ಪಾಲಿಂದೂ ನನಗ ಹಾಕ್ರಿ!"

ಹಾಕಿದ. ಸಿಟ್ಟಿನಲ್ಲೇ ಹಾಕಿದ. ಮೇಲೆ ತುಪ್ಪ. ತಿಂದೆ. ಮತ್ತೆ ಹಾಕಿದ, ಮತ್ತೆ ತಿಂದೆ. ಬೇಡ ಎಂದರೆ ಮುನಿಸು, ತಿಂದರೆ ಪಾದ! ಮಗಳು ಪಕ್ಕದಲ್ಲಿ ಕೂತು ಎಣಿಸುತ್ತಿದ್ದಳು. "ಪಪ್ಪಾ, ನಾಕು... ಪಪ್ಪಾ, ಐದು..." ಆರನೆಯದನ್ನು ಮುರಿದಾಗ ಅವಳು ಹೋ ಎಂದು ಅತ್ತುಬಿಟ್ಟಳು.

"ಹಾಕಬ್ಯಾಡ್ರಿ, ಮಾಮಾ! ಪಪ್ಪಾಗ ಸಕ್ರಿ ಬ್ಯಾನಿ ಬಂದೈತಿ! ಅಜ್ಜನ ಗತೆ ಕಾಲು ಕಡೀತಾರ!"

ಗಿರಿಜಾ ನನ್ನತ್ತ ನೋಡಿದಳು. "ಯಾವಾಗಿಂದ್ರಿ?"

ನನ್ನ ಬಾಯಿ ತುಂಬ ಹೋಳಿಗೆಯಿತ್ತು.

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಈ ಸಲ ಉಳ್ಳಾಗಡ್ಡಿಯ ನೆಪವಿರಲಿಲ್ಲ. ಈರಣ್ಣ ಬುಟ್ಟಿ ಇಳಿಸಿ ತಂಗಿಯ ಪಕ್ಕ ನೆಲಕ್ಕೇ ಕೂತ. "ಅಳಬ್ಯಾಡವಾ. ನಾ ಇನ್ನೂ ಅದೇನಿ" ಎಂದು ಒಂದು ತುಂಡು ಹೋಳಿಗೆ ಮುರಿದು ಅವಳ ಬಾಯಿಗಿಟ್ಟ. ಅಳುತ್ತಲೇ ತಿಂದಳು. ಮೂರು ವರ್ಷದ ಮುನಿಸು ಅಲ್ಲಿಗೆ ಮುಗಿಯಿತು.

ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಏಳ್ರಿ, ಬೀಗರ! ಆರು ತಿಂದೀರಿ. ನಡೀರಿ ಈಗ!"

ಹೊಸ ಮನೆಯ ಸುತ್ತ ಇಪ್ಪತ್ತು ಸುತ್ತು ನಡೆಸಿದರು. ಜಗಲಿಯ ಮೇಲೆ ಕೂತಿದ್ದ ಮುದುಕಿಯೊಬ್ಬಳು, "ಏನ್ ಹರಕಿ ಹೊತ್ತೀಯೋ ತಮ್ಮಾ?" ಎಂದು ಕೈ ಮುಗಿದಳು. "ಹೌದಬೇ" ಎಂದೆ. ಹನ್ನೊಂದನೆಯ ಸುತ್ತಿನಲ್ಲಿ ಕಿಟಕಿಯಿಂದ ನೋಡಿದರೆ, ಅತ್ತು ದಣಿದ ಸೃಷ್ಟಿ ಮಾಮನ ತೊಡೆಯ ಮೇಲೆ ಕೂತು ಹೋಳಿಗೆ ತಿನ್ನುತ್ತಿದ್ದಳು. ತುಪ್ಪ ಹಾಕಿಕೊಂಡು!

ಅಂದಿನಿಂದ ನಾನು ಪಾಠ ನಿಲ್ಲಿಸಿದ್ದೇನೆ. ನಾನು ಕಲಿಸಹೋದದ್ದು ಆರೋಗ್ಯ, ಮಗಳು ಕಲಿತದ್ದು ನನ್ನ ಹೆದರಿಕೆ. ನಾನು ಕೆಮ್ಮಿದರೆ ಓದು ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಅದನ್ನು ಮರೆಸುವ ಪಾಠ ನನಗೆ ಬರುವುದಿಲ್ಲ.

ಈಗ ದಿನಾ ಸಂಜೆ ಅಣ್ಣ-ತಂಗಿಯ ಫೋನು. ವಿಷಯ ಒಂದೇ: ಇವತ್ತು ನಾನು ಏನು ತಿಂದೆ, ಎಷ್ಟು ನಡೆದೆ, ಎಷ್ಟು ಸುಳ್ಳು ಹೇಳಿದೆ. ಗಿರಿಜಾ ನಗುತ್ತಾಳೆ. ಆ ನಗು ಕೇಳಿ ಬಹಳ ದಿನವಾಗಿತ್ತು ಎಂಬುದೂ ನನ್ನಂಥ ಚಿಂತಾಮಗ್ನನಿಗೆ ಹೊಳೆದದ್ದು ಈಗಲೇ. ಮೊನ್ನೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆ. "ಇಳದೈತ್ರಿ" ಎಂದರು ಡಾಕ್ಟರು. ಅಂದಿನಿಂದ ನಿದ್ದೆಯಿಲ್ಲ. ಪೂರ್ತಿ ಇಳಿದುಹೋದರೆ ಆ ಅಣ್ಣ-ತಂಗಿ ಮಾತಾಡುವುದಾದರೂ ಏನನ್ನು?