ಅಕ್ಕಪಕ್ಕದವರು ಬೇಕಾಗಿದ್ದಾರೆ

ಬ್ರಿಟಾಳಿಗೆ ಬೇಕಾಗಿದ್ದದ್ದು ಮನೆಯಲ್ಲ, ಅಕ್ಕಪಕ್ಕ. ಮನೆಯೆಂದರೆ ನಾಲ್ಕು ಗೋಡೆ, ಒಂದು ಸೂರು. ಯಾರು ಬೇಕಾದರೂ ಕಟ್ಟಿಕೊಡುತ್ತಾರೆ. ಮಾತಿಗೆ ಸಿಗುವ ನೆರೆಹೊರೆಯನ್ನು ಕಟ್ಟಿಕೊಡುವ ಮೇಸ್ತ್ರಿ ಮಾತ್ರ ಇನ್ನೂ ಹುಟ್ಟಿಲ್ಲ.

ಮಗಳು ನೆಲ್ ಮಿನೆಸೋಟಾದಲ್ಲಿ ಹುಟ್ಟಿದ್ದು ನವೆಂಬರಿನಲ್ಲಿ. ಅಲ್ಲಿಂದ ಏಪ್ರಿಲ್ ತನಕ ಹಿಮ ಬಾಗಿಲಿಗೆ ಅಡ್ಡ ಕೂತಿತ್ತು. ಬಾಣಂತಿಗೆ ಮಾತಾಡಲು ಇದ್ದದ್ದು ಬಟ್ಟೆ ಒಗೆಯುವ ಯಂತ್ರವೊಂದೇ. (ಕೊನೆಕೊನೆಗೆ ಅದೂ ಎದುರು ಗುರುಗುಟ್ಟತೊಡಗಿತ್ತು.) ಮುಂದಿನ ಚಳಿಗಾಲಗಳೂ ಆ ಚಳಿಗಾಲದ ತಂಗಿಯರೇ. ಹೀಗಾಗಿ ಗಂಡ ಡರ್ಕ್‌ಗೆ ಅರಿಜೋನಾದ ಮರಳುಗಾಡಿನ ಊರಿಗೆ ವರ್ಗವಾದಾಗ ಅವಳು ಕುಣಿದಾಡಿದಳು. ಹಿಮವೇ ಇಲ್ಲದ ಊರಲ್ಲಿ ಜನ ಮನೆಯೊಳಗೆ ಯಾಕೆ ಕೂರುತ್ತಾರೆ ಎಂಬುದು ಅವಳ ಘನ ಸಿದ್ಧಾಂತ.

ಬಾಡಿಗೆ ಮನೆ ಹುಡುಕಲು ಬಂದದ್ದು ಜುಲೈನಲ್ಲಿ, ಅಲ್ಲಿನ ನಡುಬೇಸಿಗೆಯಲ್ಲಿ. ಮನೆ ತೋರಿಸುವ ಟ್ವೈಲಾ, ಒಲೆಯಿಂದ ಪಾತ್ರೆ ಇಳಿಸುವ ದಪ್ಪ ಕೈಗವುಸು ತೊಟ್ಟು ಕಾರಿನ ಕಾದ ಸ್ಟಿಯರಿಂಗ್ ಹಿಡಿಯುತ್ತಿದ್ದಳು. ಮೊದಲ ಬಡಾವಣೆಯಲ್ಲಿ ಕೆರೆಯಿತ್ತು, ಬಾತುಕೋಳಿಯಿರಲಿಲ್ಲ. ಎರಡನೆಯದರಲ್ಲಿ ಮಕ್ಕಳ ಉದ್ಯಾನವಿತ್ತು, ಮಕ್ಕಳಿರಲಿಲ್ಲ. ಅಲ್ಲಿನ ಜಾರುಬಂಡೆಯ ಮೇಲೆ ಹಪ್ಪಳ ಸುಡಬಹುದಿತ್ತು.

"ಇಲ್ಲಿ ಯಾರೂ ಇಲ್ವಲ್ಲ," ಎಂದಳು ಬ್ರಿಟಾ.

"ಎಲ್ರೂ ಇದಾರಮ್ಮ. ಒಳಗಿದಾರೆ."

"ಯಾವಾಗ ಹೊರಗೆ ಬರ್ತಾರೆ?"

"ಅಕ್ಟೋಬರ್‌ಗೆ," ಎಂದಳು ಟ್ವೈಲಾ.

ತಮಾಷೆಯ ಹೆಂಗಸು ಎಂದುಕೊಂಡು ಬ್ರಿಟಾ ನಕ್ಕಳು.

ಮೂರನೆಯ ಬಡಾವಣೆ ಡರ್ಕ್‌ನ ಮನಸ್ಸಿಗೆ ಬಂತು. "ಪಡುವಣ ಬಿಸಿಲು ಬೀಳಲ್ಲ, ಕಾರಿಗೆ ನೆರಳಿದೆ, ಆಫೀಸು ಹತ್ರ. ಇನ್ನೇನು ಬೇಕು ನಿಂಗೆ?"

"ಮನುಷ್ಯರು."

"ನಾನು ಮನುಷ್ಯ ಅಲ್ವೇನೇ?"

"ನೀನು ಆಗೋದು ಸಂಜೆ ಊಟ ಆದ್ಮೇಲೆ. ಅಲ್ಲೀವರ್ಗೂ ನಾನೂ ನೆಲ್ಲೂ ಗೋಡೆ ನೋಡ್ಕೊಂಡು ಕೂತಿರ್ಬೇಕಾ?"

ನಾಲ್ಕನೆಯ ಬಡಾವಣೆಯಲ್ಲಿ ಕಾರು ತಿರುಗಿದ್ದೇ ತಡ, ಬ್ರಿಟಾಳ ಕಣ್ಣರಳಿತು. ಬೀದಿಗೆ ಬೀದಿಯೇ ಹೊರಗಿತ್ತು. ಗ್ಯಾರೇಜುಗಳ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಹಿರಿಯರು, ನೀರಿನ ಪೈಪು ಹಿಡಿದು ಒಬ್ಬರನ್ನೊಬ್ಬರು ತೋಯಿಸುವ ಮಕ್ಕಳು, ಕೆಂಡದ ಮೇಲೆ ಸಾಲುಸಾಲಾಗಿ ಮಾಂಸ. ಟ್ವೈಲಾ ಇನ್ನೊಬ್ಬ ಗಿರಾಕಿಯೊಡನೆ ಫೋನಿನಲ್ಲಿ ಮಾತಾಡುತ್ತ ತಣ್ಣನೆಯ ಕಾರಿನಲ್ಲೇ ಉಳಿದಳು. ಇವರು ಇಳಿಯುತ್ತಿದ್ದಂತೆ ರೊಸಾಲ್ವಾ ಎಂಬ ದುಂಡನೆಯ ಹೆಂಗಸು ಬಂದು, ನೆಲ್‌ಳ ಎರಡೂ ಕೈಗೆ ಐಸ್‌ಕ್ರೀಮು ತುರುಕಿದಳು.

"ತಿನ್ನು ಪುಟ್ಟಿ, ಹೊಟ್ಟೆ ತುಂಬ ತಿನ್ನು. ನೀವೂ ಕೂತ್ಕೊಳ್ಳಿ, ಮಾಂಸ ಬೇಕಾದಷ್ಟಿದೆ."

"ಇವತ್ತೇನು ಹಬ್ಬವೇ?" ಎಂದಳು ಬ್ರಿಟಾ.

"ಹಬ್ಬ ಅಂದ್ಕೋಬೇಕು, ಇನ್ನೇನ್ ಮಾಡೋದು," ಎಂದು ಅವಳು ನಕ್ಕಳು.

ಅಷ್ಟರಲ್ಲಿ ಡರ್ಕ್ ಬಾಡಿಗೆಗಿದ್ದ ಖಾಲಿ ಮನೆ ನೋಡಿ, ಬೆವರಿನಲ್ಲಿ ಅಭ್ಯಂಜನ ಮುಗಿಸಿಕೊಂಡು ಹೊರಬಂದ. "ಒಳಗೆ ಕುಲುಮೆ ಇದ್ದ ಹಾಗಿದೆ ಮಾರಾಯ್ತಿ. ಬಾಗಿಲು ಪಶ್ಚಿಮಕ್ಕೆ. ದೀಪಾನೂ ಹತ್ತಲ್ಲ."

"ಖಾಲಿ ಮನೇಲಿ ದೀಪ ಯಾರಿಗೆ ಹಚ್ಚಿಡ್ತಾರೆ? ಡರ್ಕ್, ಆಕೆ ಹೆಸರೂ ಕೇಳ್ದೆ ಮಗೂಗೆ ಐಸ್‌ಕ್ರೀಮ್ ಕೊಟ್ಲು ಕಣೋ." ಅವಳು ಆಗಲೇ ಅಲ್ಲೊಂದು ಕುರ್ಚಿ ಎಳೆದು ಕೂತಾಗಿತ್ತು. ಹೆಂಡತಿ ಕೂತುಬಿಟ್ಟ ಮೇಲೆ ಗಂಡನ ವಾದಕ್ಕೆ ನಿಲ್ಲಲು ಜಾಗವೆಲ್ಲಿ? ಒಂದು ವರ್ಷದ ಕರಾರಿಗೆ ರುಜು ಬಿತ್ತು.

ಆಗಸ್ಟಿನಲ್ಲಿ ಸಾಮಾನು ಇಳಿಸಿದರು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಊರಿಗೆ ಹೋಗಿರಬೇಕು ಎಂದುಕೊಂಡಳು ಬ್ರಿಟಾ. ಮರುದಿನವೂ ಇಲ್ಲ. ವಾರ ಕಳೆಯಿತು. ಎದುರು ಮನೆಯ ಗ್ಯಾರೇಜು ಬಾಯಿ ತೆರೆಯುವುದು, ಕಾರನ್ನು ನುಂಗುವುದು, ಬಾಯಿ ಮುಚ್ಚುವುದು; ಇದಿಷ್ಟೇ ಬೀದಿಯ ವಿದ್ಯಮಾನ. ನೆಲ್ ಕಿಟಕಿಗೆ ಮೂಗೊತ್ತಿ, "ಐಸ್‌ಕ್ರೀಮ್ ಅಜ್ಜಿ ಎಲ್ಲಿ?" ಎಂದು ಕೇಳತೊಡಗಿದಳು. ಕೊನೆಗೆ ಬ್ರಿಟಾ ಮಗುವನ್ನು ಎತ್ತಿಕೊಂಡು, ಬೆಂಕಿಯಂಥ ಬೀದಿಯನ್ನು ಓಡಿ ದಾಟಿ, ರೊಸಾಲ್ವಾಳ ಗಂಟೆ ಒತ್ತಿದಳು.

"ಅಯ್ಯೋ, ಈ ಬಿಸಿಲಲ್ಲಿ ಯಾಕಮ್ಮ ಬಂದೆ? ಒಳಗೆ ಬಾ, ಒಳಗೆ ಬಾ."

"ನೀವ್ಯಾರೂ ಈಗ ಹೊರಗೆ ಕೂರಲ್ವಾ? ಆವತ್ತು ಕೂತಿದ್ರಲ್ಲ?"

"ಆವತ್ತು ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟ್ ಹೋಗಿತ್ತಲ್ಲಮ್ಮ. ಎ.ಸಿ. ಇಲ್ದೆ ಒಳಗಿದ್ರೆ ಬೆಂದೇ ಹೋಗ್ತಿದ್ವಿ. ಫ್ರೀಜರ್‌ನಲ್ಲಿ ಇದ್ದದ್ದೆಲ್ಲ ಕೆಡೋಕೆ ಮುಂಚೆ ಯಾರಾದ್ರೂ ತಿಂದ್ರೆ ಸಾಕಾಗಿತ್ತು. ದಿನಾ ಹಾಗೆ ಕೂರೋಕೆ ನಮಗೇನು ಹುಚ್ಚಾ?"

ಒಂದು ಸುಟ್ಟ ಟ್ರಾನ್ಸ್‌ಫಾರ್ಮರನ್ನು ನಂಬಿ ಒಂದು ವರ್ಷವನ್ನು ಬರೆದುಕೊಟ್ಟಿದ್ದಳು ಬ್ರಿಟಾ. ಅಲ್ಲೇ ನಿಂತು ಎಲ್ಲವನ್ನೂ ಹೇಳಿಕೊಂಡಳು, ಬಟ್ಟೆ ಒಗೆಯುವ ಯಂತ್ರದ ಸಮೇತ.

"ಜನ ಬೇಕು ಅಂತ ಮೊದ್ಲೇ ಹೇಳ್ಬಾರ್ದಾ ಹುಡುಗಿ," ಎಂದಳು ರೊಸಾಲ್ವಾ, ಅವಳ ಬೆನ್ನು ನೇವರಿಸುತ್ತ. "ದಿನಾ ಬೀದಿಯೋರೆಲ್ಲ ಸೇರಿ ವಾಕ್ ಹೋಗ್ತೀವಿ. ಮಗೂನ ಗಾಡೀಲಿ ಕೂರಿಸ್ಕೊ. ನಾಳೆ ನಾನೇ ಬಂದು ಕರೀತೀನಿ."

ಆ ಸಂಜೆ ಬ್ರಿಟಾ ಗಂಡನ ಮುಂದೆ ವಿಜಯೋತ್ಸವವನ್ನೇ ಹೊರಡಿಸಿದಳು. ದಿನಾ ಎಂದು ಹೇಳಿದಳು, ಎಲ್ಲರೂ ಎಂದು ಹೇಳಿದಳು. ಎಷ್ಟು ಹೊತ್ತಿಗೆ ಎಂದು ಕೇಳಲು ಮರೆತಿದ್ದಳು.

ಮರುದಿನ ಬಾಗಿಲ ಗಂಟೆ ಬಾರಿಸಿದಾಗ ಇನ್ನೂ ಕತ್ತಲು, ಕೋಳಿಗೂ ಅರೆನಿದ್ದೆ. ಬ್ರಿಟಾಳದು ಎಂಟಕ್ಕೆ ಮುಂಚೆ ಕಣ್ಣು ತೆರೆಯದ ವಂಶ. ಗಂಡ ಅವಳನ್ನು ಅಲುಗಿಸಿದ. "ಏಳೇ, ನಿನ್ನ ಅಕ್ಕಪಕ್ಕ ಬಂದಿದೆ."

ಬಾಗಿಲಲ್ಲಿ ರೊಸಾಲ್ವಾ, ಹಿಂದೆ ತಳ್ಳುಗಾಡಿಗಳು, ನಾಯಿಗಳು, ಟೋಪಿ ತೊಟ್ಟ ಮುದುಕರು. "ಬೇಗ ಬಾರಮ್ಮ, ಸೂರ್ಯ ಬಂದ್ರೆ ಮುಗೀತು."

ಹೊರಟಿತು ಮೆರವಣಿಗೆ. ಎಲ್ಲರೂ ಪ್ರೀತಿಯಿಂದ ಮಾತಾಡಿಸಿದರು. ಗಾಡಿಯಲ್ಲಿ ಕೂತ ನೆಲ್ ಅವರಿವರ ನಾಯಿಗಳ ಹೆಸರು ಕೇಳಿ ತಿಳಿದುಕೊಂಡಳು. ಮಗು ಹುಟ್ಟಿದಾಗಿನಿಂದ ಕೂಡಿಟ್ಟ ಮಾತು ಬ್ರಿಟಾಳ ಬಳಿ ಬಂಡಿಗಟ್ಟಲೆ ಇತ್ತು. ಆದರೆ ಬಾಯಿ ತೆರೆದಾಗಲೆಲ್ಲ ಬಂದದ್ದು ಆಕಳಿಕೆ. ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ಅವಳು ಗಾಡಿಯನ್ನು ತಳ್ಳುತ್ತಿದ್ದಳೋ, ಗಾಡಿಯೇ ಅವಳನ್ನು ಎಳೆಯುತ್ತಿತ್ತೋ ಹೇಳುವುದು ಕಷ್ಟ.

ಮನೆ ತಲುಪಿದಾಗ ಡರ್ಕ್ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ರೊಸಾಲ್ವಾ ಅವನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಹೇಳಿದಳು:

"ನಿಮ್ಮ ಮನೆಯಾಕೆ ಬಂಗಾರದಂಥ ಹುಡುಗಿ. ಮಾತು ಮಾತ್ರ ಇಲ್ವೇ ಇಲ್ಲ, ಪಾಪ. ಜನ ಅಂದ್ರೆ ಆಗಲ್ವೇನೋ?"

ಡರ್ಕ್‌ನ ಕಾಫಿ ಮೂಗಿನಿಂದ ಹೊರಬಂತು.