ಬದನೆ ಮಡಿಗೆ ಬಿದ್ದ ಜಾವಾದ ಬೂದಿ

ಅನಘಾ, ಸುಹಾಸ, ಅಜ್ಜಿಗೆ ಮಾತೇ ಬರೋದಿಲ್ಲ ಎಂದು ನೀವು ನಗುತ್ತೀರಿ. ಈಗ ಆಡುವುದೇ ಹೆಚ್ಚು ಕಣ್ರೋ. ಮದುವೆಯಾಗಿ ಹತ್ತು ವರ್ಷವಾದರೂ ಮನೆಗೆ ಯಾರಾದರೂ ಬಂದರೆ ನಾನು ಬಾಗಿಲ ಹಿಂದೆಯೇ. ಬಾಗಿಲ ಹಿಂದೆ ನಿಂತವರಿಗೆ ಕಿವಿ ಬಲು ಚುರುಕು. ಅರ್ಧ ಕೇಳಿ ಪೂರ್ತಿ ತಿಳಿಯಿತು ಎಂದುಕೊಳ್ಳುವ ಚಾಳಿಯೂ ಅಲ್ಲೇ ಅಂಟಿಕೊಳ್ಳುತ್ತದೆ.

ಎಂಬತ್ತರ ದಶಕದ ಶುರುವಿನ ಮಾತು. ನನ್ನ ಮೈದುನ, ಅಂದರೆ ನಿಮ್ಮ ಚಿಕ್ಕಜ್ಜ, ಕೃಷಿ ಇಲಾಖೆಯಿಂದ ಭತ್ತದ ತರಬೇತಿಗೆಂದು ಜಾವಾಕ್ಕೆ ಹೋಗಿದ್ದ. ವಾಪಸು ಬರಬೇಕಾದ ದಿನ ಅವನ ಬದಲು ತಂತಿ ಬಂತು. ಊರ ಮೇಷ್ಟ್ರು ಜಗಲಿಯಲ್ಲಿ ಕೂತು ಓದಿ ಹೇಳಿದರು: ಅಲ್ಲಿ ಜ್ವಾಲಾಮುಖಿ ಸಿಡಿದಿದೆ, ಆಕಾಶದ ತುಂಬ ಬೂದಿ, ವಿಮಾನ ನಿಂತಿದೆ, ತಾನು ಕ್ಷೇಮ.

"ಬೂದಿಗೆ ಹೆದ್ರಿ ವಿಮಾನ ನಿಲ್ತದಾ? ನಮ್ಮ ಬೆಕ್ಕು ಅದರ ಮೇಲೇ ಮಲಗ್ತದೆ" ಎಂದರು ನನ್ನ ಅತ್ತೆ.

"ಇಂಜಿನ್ನಿಗೆ ಹೋದ್ರೆ ಕೆಟ್ಟು ಕೂರ್ತದೆ, ಅಮ್ಮಾ" ಎಂದ ಮೇಷ್ಟ್ರು, ಕಾಫಿ ಮುಗಿಸಿ ಏಳುವಾಗ ಇನ್ನೊಂದು ಮಾತು ಸೇರಿಸಿದರು. "ಆದ್ರೂ ಆ ಬೂದಿ ಬಿದ್ದ ನೆಲ ಚಿನ್ನ. ವರ್ಷಕ್ಕೆ ಮೂರು ಬೆಳೆ ತೆಗೀತಾರೆ."

ನನ್ನ ಕಿವಿಗೆ ಬೇಕಾದದ್ದು ಅದೇ. ನಮ್ಮ ಮನೆಯಲ್ಲಿ ಬಚ್ಚಲ ಒಲೆಯ ಬೂದಿ ಅತ್ತೆಯ ಸುಪರ್ದಿ. ಹುಳ ಬಾರದಿರಲೆಂದು ಬದನೆ ಸಸಿಗಳಿಗೆ ಗರಟೆಯಲ್ಲಿ ಅಳೆದು, ಪ್ರಸಾದ ಹಂಚಿದ ಹಾಗೆ ಉದುರಿಸುತ್ತಿದ್ದರು. ಅವರ ತವರಿನ ಬದನೆ ತಳಿ ಅದು; ಇಟ್ಟಿದ್ದ ಬೀಜವನ್ನೆಲ್ಲ ಆ ವರ್ಷ ಒಂದೇ ಮಡಿಯಲ್ಲಿ ಬಿತ್ತಿದ್ದರು. ಈಗ ಮಗನ ಚಿಂತೆಯಲ್ಲಿ ರೇಡಿಯೋ ಬಿಟ್ಟು ಏಳುತ್ತಿರಲಿಲ್ಲ. ಜಾವಾದವರಿಗೆ ಮುಗಿಲಿನಿಂದ ಸುರಿಯುವಾಗ ನಮ್ಮಲ್ಲಿ ಗರಟೆಯ ಲೆಕ್ಕವೇಕೆ ಎಂದು ನಾನು ಬುಟ್ಟಿಯಲ್ಲಿ ಹೊತ್ತು ಸುರಿದೆ. ಮೇಲೆ ನೀರನ್ನೂ ಹೊಯ್ದೆ. ಮೂರನೆಯ ದಿನ ಮಡಿ ಸಾರಣೆ ಮಾಡಿದ ನೆಲದಂತೆ ಬಿಗಿದು, ಸಸಿಗಳೆಲ್ಲ ಸುಟ್ಟುಕೊಂಡು ಮಲಗಿದ್ದವು.

ಅದೇ ತಳಿಯನ್ನು ಹಿಂದಿನ ವರ್ಷ ನಮ್ಮಿಂದ ಒಯ್ದಿದ್ದವಳು ಪಕ್ಕದ ಮನೆಯ ಪುಟ್ಟಮ್ಮ. ಅತ್ತೆಗೆ ತಿಳಿಯುವುದರೊಳಗೆ ನಾಲ್ಕು ಸಸಿ ಬೇಡಲು ಅವಳ ಹಿತ್ತಲಿಗೆ ಓಡಿದೆ.

"ನಿಮ್ಮ ಸಸಿಗೆ ಎಂತಾ ಆಯ್ತೇ ಮಾರಾಯ್ತಿ?"

ನಿಜ ಬಾಯಿಗೆ ಬರಲಿಲ್ಲ. "ಬೂದಿ ಬಿತ್ತು... ಆ ಜಾವಾದ್ದು" ಎಂದೆ.

ಪುಟ್ಟಮ್ಮ ಎದೆ ಮೇಲೆ ಕೈಯಿಟ್ಟುಕೊಂಡು, ಸಸಿ ಕೊಡುವುದನ್ನೂ ಮರೆತು ಒಳಗೋಡಿ, ಅಂಗಳದಲ್ಲಿ ಒಣಗಲು ಹಾಕಿದ್ದ ಹಲಸಿನ ಹಪ್ಪಳ ಎತ್ತಿಸಿದಳು. ಸಂಜೆಯೊಳಗೆ ಊರಿನ ಹಪ್ಪಳವೆಲ್ಲ ಒಳಗೆ. ಬೆಳಗಾಗುವುದರೊಳಗೆ ಊರೇ ನಮ್ಮ ಹಿತ್ತಲಲ್ಲಿ! ಒಬ್ಬರು ಮಡಿ ನೋಡುತ್ತಾರೆ, ಒಬ್ಬರು ಆಕಾಶ. ದನ ಮೇಯಲು ಬಿಡಬಹುದೋ ಬೇಡವೋ ಎಂದು ಜಗಳ. ಸಸಿ ಕಂಡ ಅತ್ತೆ ಕಲ್ಲಿನ ಮೇಲೆ ಕೂತುಬಿಟ್ಟಿದ್ದರು.

ಆಗಲೇ, ವಿಮಾನ ಮತ್ತೆ ಹಾರಲು ಶುರುವಾಗಿ, ಚಿಕ್ಕಜ್ಜ ಚೀಲ ಹೊತ್ತು ಬಂದ. ಜನ ಸೇರಿದ್ದನ್ನು ಕಂಡು ಮನೆಯಲ್ಲಿ ಯಾರೋ ಹೋದರೆಂದೇ ಹೆದರಿ, ಚೀಲ ಬಿಸಾಕಿ ಹಿತ್ತಲಿಗೆ ಓಡಿ ಬಂದ. ಅವ್ವನನ್ನು ಕಂಡ ಮೇಲೆ ಉಸಿರು ಬಿಟ್ಟು, ವಿಷಯ ಕೇಳಿ, ಮಡಿಯಿಂದ ಚಿಟಿಕೆ ಬೂದಿ ತೆಗೆದು ಬೆರಳಲ್ಲಿ ಉಜ್ಜಿದ.

"ಇದ್ರಲ್ಲಿ ಇದ್ದಿಲ ಚೂರಿದೆ. ಜ್ವಾಲಾಮುಖಿ ಸೌದೆ ಉರ್ಸೋದಿಲ್ಲ" ಎಂದ. ಆಮೇಲೆ ಅಲ್ಲಿ ಕಂಡದ್ದನ್ನು ಹೇಳಿದ. ಗದ್ದೆಯ ಮೇಲೆ ಮೊಣಕಾಲವರೆಗೆ ಬೂದಿ, ಎಮ್ಮೆಗಳಿಗೆ ಒಂದು ಎಸಳು ಹುಲ್ಲಿಲ್ಲ, ಹೆಂಗಸರು ಬಾಳೆಲೆಗಳನ್ನು ಒಂದೊಂದಾಗಿ ಒರೆಸುತ್ತಿದ್ದರಂತೆ. "ಚಿನ್ನ ಆಗ್ತದೆ, ಹೌದು. ಮಳೆ, ಬಿಸ್ಲು ತಿಂದು ಎಷ್ಟೋ ವರ್ಷ ಆದ ಮೇಲೆ. ಈಗ ಅಲ್ಲಿನೋರಿಗೆ ಉಣ್ಣೋಕಿಲ್ಲ."

ಯಾರೂ ನನ್ನ ಕಡೆ ನೋಡಲಿಲ್ಲ. ಅತ್ತೆ ಮಾತ್ರ ನೋಡಿದರು. "ನಾನೇ ಹಾಕಿದ್ದು, ಬಚ್ಚಲದ್ದು" ಎಂದೆ, ಪುಟ್ಟಮ್ಮನಿಗೆ ಹೇಳಿದ ಸುಳ್ಳನ್ನೂ ಸೇರಿಸಿ, ಅಷ್ಟು ಜನರ ಮುಂದೆ, ಗಟ್ಟಿಯಾಗಿ.

ಅತ್ತೆ ನಿಧಾನಕ್ಕೆ ಎದ್ದರು. "ಸಸಿ ಹೋದ್ರೂ ನಮ್ಮ ಸೊಸೆಗೆ ಬಾಯಿ ಬಂತಲ್ಲ. ಹೋಗೇ, ಪುಟ್ಟಮ್ಮನ ಹತ್ರ ಈಗ ಸರಿಯಾಗಿ ಕೇಳು" ಎಂದರು. ಪುಟ್ಟಮ್ಮ ಹತ್ತು ಸಸಿ ಕೊಟ್ಟಳು. ಹಪ್ಪಳ ಮತ್ತೆ ಹರಡಲು ನನ್ನನ್ನೇ ಕೂರಿಸಿದಳು.

ಈ ಹಾಳೆಗಳನ್ನು ಜೋಪಾನ ಮಾಡಿ, ಮಕ್ಕಳೇ. ನಿಮ್ಮ ಚಿಕ್ಕಜ್ಜ ಮದುವೆ ಮನೆಗಳಲ್ಲಿ ಈ ಕಥೆ ಹೇಳುವಾಗ ಪ್ರತಿ ಸಲ ಒಂದು ಬುಟ್ಟಿ ಏರಿಸುತ್ತಾನೆ. ಹೋದ ಸಲ ಹದಿನಾಲ್ಕಾಗಿತ್ತು. ನಾನು ಸುರಿದದ್ದು ಐದೇ ಬುಟ್ಟಿ ಎನ್ನುವುದಕ್ಕೆ ನನ್ನ ಕೈಬರಹವೇ ಸಾಕ್ಷಿ. ಆರನೆಯದು ಅಷ್ಟು ತುಂಬಿರಲಿಲ್ಲ.